ಒಬ್ಬನೇ ಮಾಲೀಕ

ಜಾಕೆಟ್ಟಿನೊಳಗೆ ಎದೆಗೊತ್ತಿ
ಶುಕ್ರವಾರದ ಪತ್ರಿಕೆ ತುರುಕಿಕೊಳ್ಳುವುದು
ನಿನ್ನಪ್ಪ ಹೇಳಿಕೊಟ್ಟ ಉಪಾಯ, ಬೆಲ್ಮಿರೊ.
ಉಣ್ಣೆ ಸೋತಲ್ಲಿ ಸುದ್ದಿ ಗೆಲ್ಲುತ್ತೆ ಅನ್ನುತ್ತಿದ್ದರಂತೆ,
ಸಂತೆಯಿಂದ ಸಂತೆಗೆ ಮೊಪೆಡ್ಡಿನಲ್ಲಿ ತಿರುಗಿ
ಕತ್ತರಿಗೆ ಸಾಣೆ ಹಿಡಿದವರು.
ಈ ಸಲವೂ ನೀನೇ ಹಾಳೆ ಮಡಿಸಿ ಕೊಟ್ಟೆ.

ಬ್ರಗಾನ್ಸಾ ದಾಟಿ, ದೊಡ್ಡ ರಸ್ತೆ ಬಿಟ್ಟು
ಬಲಕ್ಕೆ ಹೊರಳಿದರೆ
ಒಬ್ಬರ ಹಿತ್ತಿಲಿಂದ ಇನ್ನೊಬ್ಬರ ಹಿತ್ತಿಲಿಗೆ
ಉಪ್ಪು ಕೇಳಲು ಹೊರಟಂಥ ದಾರಿ.
ಎಲೆ ಕಳಚಿದ ಚೆಸ್ಟ್‌ನಟ್ ಮರಗಳು,
ಸ್ಲೇಟು ಕಲ್ಲಿನ ಮಾಡು, ಮಾಡಿನ ಸಂದಿಯಿಂದ ಹೊಗೆ.
ಜನವರಿಯಲ್ಲವೆ, ಒಳಗೆ ಸಾಸೇಜು ತೂಗುತ್ತಿರಬೇಕು,
ಹೊಗೆಯೇ ಹಸಿವು ತರಿಸುತ್ತಿತ್ತು.

ಇಪ್ಪತ್ತಾರು ವರ್ಷ ಈ ದಾರಿಗಳಲ್ಲಿ
ನಾನು ನೋಡಿದ್ದು ನಿನ್ನ ಬೆನ್ನು.
ಎಡ ಭುಜದ ಹೊಲಿಗೆ ಎರಡು ಸಲ ಬಿಚ್ಚಿದ್ದು,
ಕಾಲರಿನ ಮೇಲೆ ಕೂದಲು ಬೂದಿಯಾದದ್ದು.
ಬೆಟ್ಟಗಳೆಲ್ಲ ಪಕ್ಕದಿಂದ ಹಾದುಹೋದವು,
ಮದುವೆಯೂಟದಲ್ಲಿ ಬೇರೆ ಮೇಜಿಗೆ ಹೋಗುವ ತಟ್ಟೆಗಳಂತೆ.

ಅಕ್ಟೋಬರಿನಲ್ಲಿ ನಿನ್ನ ಬಲಗಣ್ಣಿಗೆ ಯಾರೋ ಪರದೆ ಎಳೆದರು.
ವೈದ್ಯ ಏನೇನೋ ಹೇಳಿದ; ನೀನು ಕೇಳಿದ್ದು ತಿರುವಿನ ಬಗ್ಗೆ.
"ತಿರುವು ಎಷ್ಟು ದೂರ ಅಂತ ತಿಳಿಯೋದಿಲ್ಲ" ಅಂದ.
ಮರುವಾರ ನಾನು ಲೈಸೆನ್ಸಿನ ಸಾಲಿನಲ್ಲಿ ನಿಂತೆ,
ಐವತ್ತೆರಡು ವರ್ಷದವಳು,
ಮೀಸೆ ಮೂಡದ ಹುಡುಗರ ನಡುವೆ.

ಈಗ ನೀನು ಹಿಂದೆ.
ಇಳುಕಲು ಬಂದಾಗಲೆಲ್ಲ ಇಲ್ಲದ ಬ್ರೇಕು ತುಳಿಯುತ್ತೀ,
ನಿನ್ನ ಬೂಟು ನನಗೆ ಕೇಳಿಸುತ್ತದೆ.
ನಾನು ವಾಲಿದರೆ ನೀನು ಕಂಬ.
ಒಂದು ಮೂಟೆ ಆಲೂಗಡ್ಡೆ ಇದಕ್ಕಿಂತ ಚೆನ್ನಾಗಿ ವಾಲುತ್ತೆ
ಎಂದು ಕೂಗಿದೆ. ಗಾಳಿ ಮುಕ್ಕಾಲು ತಿಂದು
ನಿನಗೆ ಆಲೂಗಡ್ಡೆಯಷ್ಟೇ ತಲುಪಿಸಿತು:
"ಹಸಿವಾಯ್ತಾ?"

ತುವೇಲಾ ಹೊಳೆಯ ಸೇತುವೆಯಾಚೆ
ಮಾರ್ಚಿಗೆ ಮುಂಚೆ ಬಿಸಿಲು ಕಾಣದ ಒಂದು ತಿರುವು.
ರಸ್ತೆ ಹೊಳೆಯಿತು. ನೀರಲ್ಲ.
ಕ್ಲಚ್ಚು ಹಿಡಿಯಲಿಲ್ಲ, ಬ್ರೇಕು ಮುಟ್ಟಲಿಲ್ಲ,
ಉಸಿರನ್ನೂ ಅಲ್ಲಾಡಿಸಲಿಲ್ಲ.
ನಿನ್ನ ಬೂಟು ಸದ್ದು ಮಾಡಲಿಲ್ಲ.
ಆಚೆ ಬದಿಯಲ್ಲಿ ಕೈಗಾಡಿಯ ತುಂಬ ಕೋಸು ಹೇರಿಕೊಂಡ ಮುದುಕಿ
"ನಿನ್ನೆ ಅಂಚೆಯವನು ಇಲ್ಲೇ ಬಿದ್ದ" ಎಂದಳು,
ನಮ್ಮಿಂದ ಕೊಂಚ ನಿರಾಸೆಯಾದವಳಂತೆ.

ರಾತ್ರಿ ದೋನಾ ಝುಲ್ಮಿರಾಳ ಮಹಡಿಯ ಕೋಣೆ.
ಬಚ್ಚಲಿನಲ್ಲಿ ಜಾಕೆಟ್ಟು ಬಿಚ್ಚಿದೆ.
ಪತ್ರಿಕೆ ಬೆವರಿಗೆ ಮೆತ್ತಗಾಗಿ
ಬಿಳಿ ಬನಿಯನ್ನಿಗೆ ಶಾಯಿ ಬಿಟ್ಟಿತ್ತು,
ತಿರುಗುಮುರುಗು ಅಕ್ಷರ.
ಕನ್ನಡಿಯ ಮುಂದೆ ನಿಂತೆ, ನೆಟ್ಟಗಾದವು:
*ಬೈಕು ಮಾರಾಟಕ್ಕಿದೆ. ಒಬ್ಬನೇ ಮಾಲೀಕ.
ಸದಾ ಸೂರಿನಡಿ ಇಟ್ಟದ್ದು.*
ಕೆಳಗೆ ನಮ್ಮ ಮನೆಯ ನಂಬರು.

ಆ ಕಣ್ಣಿಗೆ ಕಾಣದೆ ಕೊಟ್ಟೆಯೋ,
ಕಾಣಲೆಂದೇ ಕೊಟ್ಟೆಯೋ.
ಗೋಡೆಯಾಚೆ ನೀನು ಬೂಟಿನ ಲೇಸಿನ ಜತೆ ಜಗಳಕ್ಕಿಳಿದಿದ್ದೆ.
ಒಬ್ಬನೇ, ಎಂದು ಇನ್ನೊಮ್ಮೆ ಓದಿಕೊಂಡೆ.
ಬನಿಯನ್ನು ನೆನೆಹಾಕಿ, ಸೋಪು ಹಚ್ಚಿ ತಿಕ್ಕಿದೆ.
ಮಾಲೀಕ ಹೋದ. ನಂಬರು ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ನೀನು
ಕೆಳಗಿನಿಂದ ಹೊಸ ಪತ್ರಿಕೆ ಬೇಡಿ ತಂದೆ.
"ಬೇಡ. ಇವತ್ತು ಅಷ್ಟೇನೂ ಚಳಿಯಿಲ್ಲ" ಅಂದೆ.
ಅಂಗಳದ ನಲ್ಲಿಯಲ್ಲಿ ನೀರು
ಬೆರಳುದ್ದದ ಗಾಜಾಗಿ ಜೋತಿತ್ತು.
ನೀನು ಅದನ್ನು ನೋಡಿದೆ. ನನ್ನನ್ನು ನೋಡಿದೆ.
ಪತ್ರಿಕೆಯನ್ನು ಕಿಟಕಿಯ ಮೇಲಿಟ್ಟು,
ಮೇಲೊಂದು ಕಲ್ಲು ಹೇರಿ, ಹಿಂದೆ ಹತ್ತಿ ಕುಳಿತೆ.

ಬೆರಳ ತುದಿ ಸವೆದ ಗ್ಲೌಸಿನ ಎರಡೂ ಕೈ
ಪತ್ರಿಕೆ ಇರಬೇಕಿದ್ದ ಕಡೆ.
ಮೊದಲ ಗೇರು.