ಪರದೆ ಮ್ಯಾಲ ರೈಟರ್ ಇಲ್ಲ

ಬೆಳಗಾವಿ ಕ್ಯಾಂಪಿನ ಟಾಕೀಜಿನಾಗ
ಆಯಿತವಾರ ಮುಂಜಾನೆ ಹತ್ತರ ಇಂಗ್ಲಿಷ್ ಆಟ.
ಮುಂದ ತಲಿ ಬೋಳಿಸಿದ ರಂಗರೂಟರು,
ಹಿಂದ ಬಾಲ್ಕನಿಯ ಮುರಕ ಖುರ್ಚಿಯಾಗ
ನಾನು, ಫೌಜದಾರ ಹಂಚಿನಾಳ ಸಾಹೇಬರು.
ಇಬ್ಬರೂ ಪೆನ್ಶನ್ ತಿನ್ನಾವರು.
ಅವರಿಗೆ ಇಂಗ್ಲಿಷ್ ಅರ್ಧ ಬರತದ, ನನಗ ಕಾಲು.
ಬಂದೂಕಿನ ಮಾತು ಇಬ್ಬರಿಗೂ ಪೂರಾ.

ಕತಿ ಅಮೇರಿಕಾದ್ದು.
ಗಿರಣಿ ಬಂದ್ ಬಿದ್ದು ಮಂದಿ ರೊಟ್ಟಿಗೆ ಪಾಳಿ ಹಚ್ಚಿದ ಕಾಲ.
ಬ್ಯಾಂಕ್ ಒಡಿಯೋ ಒಬ್ಬಾವ,
ಅವನ ಬೆನ್ನ ಹತ್ತಿದ ಒಬ್ಬ ಮುದುಕ ಪೊಲೀಸ.

ಹನ್ನೆರಡು ವರ್ಷದ ಹಿಂದ
ಇಂಥಾದ್ದ ಒಂದು ಇದೇ ಪರದೆ ಮ್ಯಾಲ ಬಂದಿತ್ತು.
ಆವಾಗ ದರೋಡೆಖೋರನ ಹೀರೋ, ಬೆಳ್ಳನ್ನ ಹಲ್ಲು.
ಅವ ಸತ್ತಾಗ ಸಿಳ್ಳೆ ನಿಂತಿತ್ತು.
ಪೊಲೀಸರಿಗೆ ಮಾರಿನ ಇರಲಿಲ್ಲ,
ಬರೇ ಟೋಪಿ, ಬರೇ ಹೊಗಿ.
ಸಾಹೇಬರು ನಡುವ ಎದ್ದು ಹೋಗಿದ್ದರು
ಶೇಂಗಾದ ಪೊಟ್ಟಣ ಖುರ್ಚಿ ಮ್ಯಾಲ ಬಿಟ್ಟು.

ಈ ಸಲ ಪೊಲೀಸಗ ಮಾರಿ ಅದ.
ಕೋಟಿನ ಗುಂಡಿ ಒಂದು ಕಿತ್ತದ,
ಸಿನೆಮಾ ಮುಗಿಯೂತನಕ ಅದನ್ನ ಯಾರೂ ಹಚ್ಚಿಕೊಡೂದಿಲ್ಲ.
ಸಾಹೇಬರು ಮುಂದಕ್ಕ ಬಾಗಿ ಕೂತರು.

ರಸ್ತೆ ಬಾಜೂಕ ಕಂಟಿಯಾಗ ಐದು ಮಂದಿ ಕಾಯತಾರ.
ಎರಡು ನಿಮಿಷದಾಗ ಕಾಯೂದು ಮುಗೀತು.

ನಾವು ಡೋಣಿ ದಂಡಿ ಬಿಳಿಜ್ವಾಳದಾಗ ಮೂರು ರಾತ್ರಿ.
ಎಲಿ ಅಂಚು ಕುತ್ತಿಗಿ ಕೊಯ್ಯೂದು,
ಎರಿಮಣ್ಣು ಮೆತ್ತಿ ಬೂಟು ಎತ್ತಲಾರದಷ್ಟು ವಜ್ಜಿ.
ಶಿಪಾಯಿ ಗದಿಗೆಪ್ಪಗ ಹೊಟ್ಟಿ ನಡದು
ಬಂದೂಕು ತೊಡಿ ಮ್ಯಾಲಿಟಗೊಂಡ
ಸಾಲಿನಾಗ ಕೂಡತಿದ್ದ, ಏಳತಿದ್ದ, ಮತ್ತ ಕೂಡತಿದ್ದ.
ಸಿನೆಮಾದಾಗ ಯಾರಿಗೂ ಹೊಟ್ಟಿ ಇರೂದಿಲ್ಲ.

ಮಲಕಾರಿ ಮೋಟಾರಿನಾಗ ಬರಲಿಲ್ಲ.
ಒಂದು ಚಪ್ಪಲಿ ಕಾಲಾಗ, ಇನ್ನೊಂದು ಕೈಯಾಗ,
ಉಂಗುಟ ಹರದಿತ್ತು.
ಟಪಾಲಿನ ಚೀಲ ದೋಚಿ
ಮುದುಕಿಯರ ಮನಿಯಾರ್ಡರ್ ಮಾತ್ರ
ಅವರವರ ಕಟ್ಟಿಗೆ ಮುಟ್ಟಿಸ್ಯಾನಂತ
ಬೀಸೂಕಲ್ಲಿನ ಮುಂದ ಹಾಡತಿದ್ದರು.
ಹತ್ತಿ ಗಿರಣಿಯ ವಾಚಮನ್ ಲಾಡ್ಲೇಸಾಬನ್ನ
ಅವನ ಕೊಡ್ಲಿ ಎರಡಾಗಿ ಸೀಳಿದ್ದು
ಯಾವ ಹಾಡಿನಾಗೂ ಇಲ್ಲ.
ಅವನ ಪಂಚನಾಮೆನೂ ನಾನ ಬರದಿದ್ದೆ.

ಹೌದು, ನಾ ರೈಟರ್.
ಗುಂಡು ಹಾರಿಸಲಿಲ್ಲ. ಕಂದೀಲಿನ ಬತ್ತಿ ಏರಿಸಿ
ಹೊಲದ ಬದುವಿನ ಮ್ಯಾಲ ಕೂತೆ.
ಹೆಣ ಇನ್ನೂ ಬೆಚ್ಚಗಿತ್ತು, ಶಾಯಿ ತಣ್ಣಗ.
‘ಸದರಿ ಇಸಮನಿಗೆ ಶರಣಾಗತನಾಗಲು ಕೂಗಿ ಹೇಳಲಾಗಿ...’
ಎಷ್ಟು ಸಲ ಅಂತ ಬರೀಲ್ರಿ, ಸಾಹೇಬ್ರ?
ಪದ್ಧತಿ ಎಷ್ಟದ?
ಮೂರ್ರಿ.
ಹಂಗಾರ ಮೂರು.

ಮುದ್ದೆಮಾಲಿನ ಯಾದಿ:
ನಾಡಬಂದೂಕು ಒಂದು. ಕಾರ್ತೂಸು ಏಳು.
ಅರ್ಧ ರೊಟ್ಟಿ, ಅದಕ್ಕ ಹಚ್ಚಿದ ಕೆಂಪ ಖಾರ.
ಚಪ್ಪಲಿ ಎರಡು, ಒಂದರ ಉಂಗುಟ ಹರಿದದ್ದು.
ವಾರ ಬಿಟ್ಟು ಅವನ ತಂಗಿ ಠಾಣೆಗೆ ಬಂದಳು.
ಬಂದೂಕು ಕೇಳಲಿಲ್ಲ, ಹೆಣ ಕೇಳಲಿಲ್ಲ,
ಚಪ್ಪಲಿ ಕೊಡ್ರಿ, ಅವು ನಮ್ಮಪ್ಪನವು ಅಂದಳು.
ಸೀಲು ಬಿದ್ದದವ್ವಾ ಅಂದೆ.
ಸೀಲು ಅಂದ್ರ ಏನು ಅಂತ ಅಕಿ ಕೇಳಿದ್ದಕ್ಕ
ನಾ ಅರಗಿನ ಕೆಂಪ ಮುದ್ರಿ ತೋರಿಸಿದೆ.

ಪರದೆ ಮ್ಯಾಲ ಮೋಟಾರು ಬಂತು, ಧೂಳು ಎದ್ದಿತು.
ಮುದುಕ ಪೊಲೀಸ ಕಂಟಿಯಿಂದ ಹೊರಗ ಬಂದು
ಬಾಯಿ ತೆರದ, ಏನೋ ಅಂದ.
ಅಷ್ಟರಾಗ ಬಾಜೂದವರ ಬಂದೂಕು ಸುರುವಾದವು.
ಕನ್ನಡಿ ಒಡೀತು, ಬಾಗಿಲು ಜಾಳಿಗಿ ಆತು,
ರಂಗರೂಟರು ಖುರ್ಚಿ ಬಡದರು.

ಏನಂದಾ ಅಂವಾ? ಅಂದರು ಸಾಹೇಬರು.
ತಿಳೀಲಿಲ್ರಿ.
ಶರಣಾಗು ಅಂದನೋ, ಹೊಡೀರಿ ಅಂದನೋ?
ಕೇಳಲಿಲ್ರಿ, ಸಾಹೇಬ್ರ.

ಮುಗಿದ ಮ್ಯಾಲ ಹೆಸರು ಹತ್ತತಾವ:
ಕೂದಲ ಬಾಚಿದಾವ, ದೀಪ ಹಿಡದಾವ,
ಕುದುರಿ ಇಲ್ಲದ ಸಿನೆಮಾಕ ಕುದುರಿ ನೋಡಕೊಂಡಾವ.
ಕೂತು ಬರದಾವ ಒಬ್ಬನೂ ಕಾಣಲಿಲ್ಲ.
ಅಷ್ಟು ಗುಂಡಿನ ಲೆಕ್ಕ ಆ ದೇಶದಾಗ ಯಾರು ಇಟ್ಟರೋ.

ದೀಪ ಹತ್ತಿದವು. ಸಾಹೇಬರು ಏಳಲಿಲ್ಲ.
ಆವತ್ತ ನಾ ಎಷ್ಟು ಸಲ ಕೂಗಿದ್ದೆಪಾ?
ಪಂಚನಾಮೆದಾಗ ಮೂರದರಿ.
ಅದನ್ನ ಕೇಳಲಿಲ್ಲ.

ಕಸಬರಗಿ ಹಿಡಕೊಂಡ ಹುಡುಗ
ನಮ್ಮ ಸಾಲಿಗೆ ಬಂದು ನಿಂತ.
ಕಾಲು ಎತ್ತರಿ ಅಂದ.
ಇಬ್ಬರೂ ಎತ್ತಿದಿವಿ.
ಕೆಳಗ ಶೇಂಗಾದ ಸಿಪ್ಪಿ ರಾಶಿ ಬಿದ್ದಿತ್ತು,
ಅಷ್ಟು ಯಾವಾಗ ತಿಂದಿವೋ
ಇಬ್ಬರಿಗೂ ಖಬರ ಇರಲಿಲ್ಲ.