ಹತ್ತು ಕಿಲೋಗಿಂತ ಕಡಿಮೆ

ಊಟದ ಹೊತ್ತು, ಲಾರಿಗಳಿಲ್ಲ.
ವೇಬ್ರಿಡ್ಜಿನ ಕಬ್ಬಿಣದ ಮೇಲೆ ನಾನೇ ಹೋಗಿ ನಿಂತೆ,
ಬ್ಯಾಗಿನಲ್ಲಿ ಕಾಗದ.
ಕಿಟಕಿಯೊಳಗೆ ಕೆಂಪು ಅಂಕಿ: ಐವತ್ತು.
ಔಷಧಿ ಅಂಗಡಿಯ ತಕ್ಕಡಿಯಲ್ಲಿ ಐವತ್ತಮೂರೂವರೆ.
ಹತ್ತು ಕಿಲೋಗಿಂತ ಕಡಿಮೆಯದ್ದು
ಈ ಯಂತ್ರಕ್ಕೆ ಕಾಣುವುದಿಲ್ಲ.
ಅದರ ತಪ್ಪಲ್ಲ, ಮಾಡಿದ್ದೇ ಲಾರಿಗಳಿಗೆ.

ಹನ್ನೊಂದು ವರ್ಷ
ಕೂಡ್ಲೂರಿನ ಈ ಕ್ಯೂರಿಂಗಿನಲ್ಲಿ
ತುಂಬಿ ಬಂದ ತೂಕ, ಖಾಲಿ ಹೋದ ತೂಕ
ಕಳೆದು ಕಳೆದು ಬರೆದಿದ್ದೇನೆ.
ಚೆರಿ, ಪಾರ್ಚ್‌ಮೆಂಟು, ಒಡಕಲು, ಕಪ್ಪು.
ಕಾಫಿ ಹೇಗಿದೆ ಎಂದು ನನ್ನನ್ನು ಯಾರೂ ಕೇಳಿಲ್ಲ.

ಗೋಣಿಕೊಪ್ಪದವರು ಕೇಳಿದರು.
ಮೂರು ಲೋಟ ಇಟ್ಟರು. ಒಂದಕ್ಕೆ ಹೊಗೆ ಹಿಡಿದಿತ್ತು, ಹೇಳಿದೆ.
“ಬನ್ನಿ ಮೇಡಂ, ಆಗ್ತದೆ” ಎಂದರು.
ಆಗ್ತದೆ.
ನಮ್ಮ ಭಾಷೆಯಲ್ಲಿ ಈ ಮಾತು
ಇವತ್ತಿಗೂ ಸಲ್ಲುತ್ತದೆ, ಬರುವ ವರ್ಷಕ್ಕೂ ಸಲ್ಲುತ್ತದೆ,
ಬಾರದ ವರ್ಷಕ್ಕೂ.

ಹೋದ ಭಾನುವಾರ ಬಸ್ಸು ಹತ್ತಿ ನೋಡಿಬಂದೆ.
ಕಟ್ಟಡಕ್ಕೆ ಇನ್ನೂ ಶೀಟು ಹಾಕಿಲ್ಲ.
ನನ್ನ ಟೇಬಲ್ಲು ಬರುತ್ತದೆ ಎಂದಿದ್ದ ಮೂಲೆಯಲ್ಲಿ
ಮರಳಿನ ಮೇಲೊಂದು ನಾಯಿ
ಒಂದೇ ಕಣ್ಣು ತೆರೆದು ನನ್ನನ್ನು ನೋಡಿ
ಮತ್ತೆ ಮಲಗಿತು, ಕಾಯಂ ನೌಕರನ ಹಾಗೆ.

ಮಾನ್ಯರೇ, ವೈಯಕ್ತಿಕ ಕಾರಣಗಳಿಂದ.
ಮೂರು ಸಲ ಬರೆದೆ, ಮೂರು ಸಲವೂ ಅಲ್ಲೇ ಪೆನ್ನು ನಿಂತಿತು.
ಹತ್ತನೇ ತಾರೀಕಿನ ಚೀಟಿ ದುಡ್ಡು,
ಮಗಳ ಶಾಲೆಯ ವ್ಯಾನು, ಅರ್ಧ ಉಳಿದ ಗ್ಯಾಸು,
ಇವೂ ವೈಯಕ್ತಿಕವೇ.
ಇವೆಲ್ಲ ಬೇಡ ಬೇಡ ಎನ್ನುವ ಕಾರಣಗಳು.

ಪೂಣಚ್ಚನವರು ಕನ್ನಡಕ ಹಣೆಗೇರಿಸಿ ಓದಿದರು.
ನಾನು ಕಾದಿದ್ದ ಪ್ರಶ್ನೆ ಬರಲಿಲ್ಲ.
ಪೆನ್ನು ತೆಗೆದು ತಾರೀಕು ತಿದ್ದಿದರು:
“ಇದು ಫೆಬ್ರವರಿ, ಜಲಜಾಕ್ಷಿ.
ಮೂವತ್ತು ದಿನಕ್ಕೆ ನಿಮ್ಮ ಲೆಕ್ಕದಲ್ಲಿ ಎರಡು ದಿನ ಕಮ್ಮಿ.”
ಹನ್ನೊಂದು ವರ್ಷದಲ್ಲಿ ನನ್ನ ಮೊದಲ ತಪ್ಪು ಲೆಕ್ಕ.
ಆಮೇಲೆ ಕಣದ ಕಡೆ ನೋಡುತ್ತ
“ಹೂಮಳೆ ಬಂದ ಹಾಗುಂಟು” ಎಂದರು. “ಬ್ಯಾಕಿಂಗ್?”

ಹೂ ಬಿಟ್ಟ ಮೇಲೆ ಎರಡನೇ ಮಳೆ ಬಾರದಿದ್ದರೆ
ಕಾಯಿ ಕಚ್ಚುವುದಿಲ್ಲವೆಂದು
ಇಲ್ಲಿ ಮಕ್ಕಳಿಗೂ ಗೊತ್ತು.
“ಬರ್ತದೆ ಸಾರ್” ಎಂದೆ.
ನನ್ನ ಬಾಯಲ್ಲೂ ಅದೇ, ಕಾಲವಿಲ್ಲದ ಮಾತು.
ಅವರು ನಗಲಿಲ್ಲ. ಸೀಲು ಹೊಡೆದರು.
ಹೆಬ್ಬೆರಳಿಗೆ ಹತ್ತಿದ ನೀಲಿಯನ್ನು
ಬಹಳ ಹೊತ್ತು ಒರೆಸಿಕೊಂಡರು.

ಹೊರಗೆ ಬಂದು ಇನ್ನೊಮ್ಮೆ ನಿಂತೆ.
ಕಾಗದವಿಲ್ಲದೆಯೂ ಐವತ್ತು.

ಸಿದ್ದಾಪುರದ ಲಾರಿ ಹಾರನ್ನು ಹೊಡೆಯಿತು.
ಅಬೂಬಕ್ಕರ್ ತಲೆ ಹೊರಗೆ ಹಾಕಿ
“ಇಳೀರಿ ಅಕ್ಕ, ನಿಮ್ಮನ್ನೂ ಸೇರಿಸಿ ತೂಗಿದ್ರೆ
ತೋಟದವರಿಗೆ ಲಾಭ!”
ಇಳಿದೆ. ಒಳಗೆ ಹೋಗಿ ತುಂಬಿದ ತೂಕ ಬರೆದೆ,
ಖಾಲಿ ತೂಕದ ಜಾಗ ಹಾಗೇ ಬಿಟ್ಟೆ.
ಅದು ಇಳಿಸಿದ ಮೇಲೆ.