ಸಮುದ್ರ ಬಲಕ್ಕಿರಲಿ

ಮೂವತ್ತೊಂದು ವರ್ಷ ಈ ದಾರಿಯಲ್ಲಿ ಬಸ್ಸು ಓಡಿಸಿದವಳಿಗೆ
ಏರು ಎಂದರೆ ಎರಡನೇ ಗೇರು, ಅಷ್ಟೆ.
ಇಳಿಜಾರು ಎಂದರೆ ಬ್ರೇಕು ಸುಟ್ಟ ವಾಸನೆ.
ಈಗ ಅದೇ ದಾರಿ
ನನ್ನ ಮಂಡಿಚಿಪ್ಪಿನೊಳಗಿಂದ ಹಾದುಹೋಗುತ್ತಿದೆ
ಒಂದೊಂದೇ ಮೀಟರು, ಲೆಕ್ಕ ಕೇಳುತ್ತ.

ನಿವೃತ್ತಿಯ ದಿನ ಡಿಪೋದವರು ಗೋಡೆಗಡಿಯಾರ ಕೊಟ್ಟರು.
ಮಾರಿ, ಮೇಲಿಷ್ಟು ಹಾಕಿ, ಈ ಸೈಕಲ್ಲು ಕೊಂಡೆ:
ಹಸಿರು, ಹಳೆಯದು, ಮೊದಲ ಯಜಮಾನ ನನಗಿಂತ ಉದ್ದ.
‘ಸಾವೇರಿಯಾ, ಐವತ್ತೊಂಬತ್ತಕ್ಕೆ ಇದೇನೇ ನಿನ್ನ ಹುಚ್ಚು’
ಎಂದಳು ಅಕ್ಕ. ನಕ್ಷೆಯಾದರೂ ಇಟ್ಟುಕೊಂಡೆಯಾ ಎಂದಳು.
ನಕ್ಷೆ ಯಾಕೆ? ಬಾಸ್ತಿಯಾ ಬಿಟ್ಟ ಮೇಲೆ
ಬೆಟ್ಟ ಎಡಕ್ಕಿರಲಿ, ಸಮುದ್ರ ಬಲಕ್ಕಿರಲಿ,
ಕಳೆದುಹೋಗಬೇಕೆಂದರೂ ಮನೆಗೇ ಬರಬೇಕು.

ಕಾಪು ಕೋರ್ಸುವಿನ ತುದಿ ತಿರುಗಿದ್ದೇ ತಡ
ಲಿಬೇಚು ಗಾಳಿ ಎದೆಗೆ ಕೈಯೊಡ್ಡಿ ತಡೆಯಿತು,
ಟಿಕೆಟ್ಟಿಲ್ಲದವರನ್ನು ನಾನು ತಡೆಯುತ್ತಿದ್ದ ಹಾಗೆ.
ಇಳಿಜಾರಿನಲ್ಲೂ ತುಳಿಯಬೇಕು! ಇದ್ಯಾವ ನ್ಯಾಯ?
ಬಸ್ಸಿನಲ್ಲಿ ಗಾಳಿಗೊಂದು ಗಾಜಿತ್ತು.
ವಾಸನೆಗೂ ಇತ್ತು. ಬಿಸಿಲಿಗೆ ಬೆವರುವ
ಈ ಕುರುಚಲು ಪೊದೆಗಳ ಅಂಟು ಪರಿಮಳ
(ಅಜ್ಜಿಯ ಮರದ ಪೆಟ್ಟಿಗೆ, ಜೇನು, ಒಂಚೂರು ಆಡಿನ ಮೂತ್ರ)
ಇಷ್ಟೂ ವರ್ಷ ಡೀಸೆಲ್ಲಿನ ಹಿಂದೆ ಸರತಿಯಲ್ಲಿ ನಿಂತಿತ್ತೆ?

ಊರ ಫಲಕಗಳಿಗೆ ಎಂದಿನಂತೆ ಗುಂಡಿನ ತೂತು;
ಫ್ರೆಂಚ್ ಹೆಸರಿಗೆ ಕಪ್ಪು ಬಣ್ಣ, ನಮ್ಮ ಹೆಸರು ಉಳಿದಿದೆ.
ದಿನಾ ಓದುತ್ತಿದ್ದೆ. ಇವತ್ತು ಬೆರಳು ಹಾಕಿ ನೋಡಿದೆ.
ತೂತಿನೊಳಗೆ ಒಂದು ಜೇಡ ಸಂಸಾರ ಹೂಡಿದೆ.

ನಾಲ್ಕನೆಯ ದಿನ ಕಲಾಂಕೆ.
ಕೆಂಪು ಬಂಡೆಗಳ ನಡುವೆ ಎರಡು ಬಸ್ಸು ಎದುರಾದರೆ
ಒಂದು ಹಿಂದೆ ಸರಿಯಲೇಬೇಕಾದ ದಾರಿ.
ನಾನೆಂದೂ ಸರಿದವಳಲ್ಲ.
ಇಲ್ಲೇ, ನೌಕರಿಯ ಎರಡನೇ ವರ್ಷ, ಒಬ್ಬ ಹುಡುಗ
ಹಳದಿ ಚೀಲ ಹೇರಿಕೊಂಡು ಸೈಕಲ್ಲು ತುಳಿಯುತ್ತಿದ್ದ.
ಹಾರ್ನು ಒತ್ತಿದೆ. ಒತ್ತಿ ಹಿಡಿದೆ.
ಸಮಯಕ್ಕೆ ಏಳು ನಿಮಿಷ ತಡವಾಗಿತ್ತು.
ಅವನು ಅಂಚಿನ ಮೋಟುಗೋಡೆಗೆ ಒತ್ತಿಕೊಂಡು ನಿಂತ.
ಕನ್ನಡಿಯಲ್ಲಿ ಕಂಡದ್ದು ಇಷ್ಟು: ಒಂದು ಕೈ ಮೇಲೆತ್ತಿದ್ದ.
ಬೈಯಲಿಕ್ಕೋ, ನಮಸ್ಕಾರಕ್ಕೋ,
ಮುಂದಿನ ತಿರುವು ನೋಡಗೊಡಲಿಲ್ಲ.

ಆ ಮೋಟುಗೋಡೆ ಮಂಡಿಯೆತ್ತರ.
ನನ್ನ ಸೀಟಿನಿಂದ ಅದು ಕಾಣುತ್ತಲೇ ಇರಲಿಲ್ಲ.
ಅದರಾಚೆ ನೂರಾರು ಮೀಟರು ಬರೀ ಗಾಳಿ,
ಗಾಳಿಯ ತಳದಲ್ಲಿ ಏನೂ ಗೊತ್ತಿಲ್ಲದ ನೀಲಿ.

ಹಾರ್ನು ಬೆನ್ನಿಗೆ ಬಡಿದಾಗ ಗುರುತು ಹಿಡಿದೆ:
ಎರಡು ಗಿಡ್ಡ, ಒಂದು ಉದ್ದ. ನಾನೇ ಕಲಿಸಿದ್ದು,
ಪಂಕ್ರಾತ್ಸಿಯುಗೆ, ತರಬೇತಿಯ ಮೊದಲ ವಾರ.
ಗೋಡೆಗೆ ಒತ್ತಿಕೊಂಡೆ. ಬಸ್ಸಿನ ಬಿಸಿ ಪಕ್ಕೆಯನ್ನು ಸವರಿತು,
ಕಾಲಡಿ ಜಲ್ಲಿ ಜಾರಿತು, ಕೈ ತಾನಾಗಿ ಮೇಲೆದ್ದಿತು.
ಬೈಯಲಿಕ್ಕಲ್ಲ.
ನಮಸ್ಕಾರಕ್ಕಲ್ಲ.
ಬೀಳದಿರಲಿಕ್ಕೆ.

ಪಿಯಾನದ ಕಾಫಿ ಅಂಗಡಿಯ ಮುಂದೆ ಅವನ ಬಸ್ಸು ನಿಂತಿತ್ತು.
‘ಯಾವುದಪ್ಪಾ ಈ ಮುದುಕಿ ಅಂದುಕೊಂಡೆ!’ ನಕ್ಕ ಪಂಕ್ರಾತ್ಸಿಯು.
ನಾನು ಅವನ ಕೈ ಹಿಡಿದು ನನ್ನ ಮಂಡಿಗೆ ಮುಟ್ಟಿಸಿದೆ:
‘ಇಷ್ಟೇ ಎತ್ತರ ಕಣೋ, ಗೋಡೆ.’
ಅವನಿಗೆ ಅರ್ಥವಾಗಲಿಲ್ಲ. ಬಿಲ್ಲು ಮಾತ್ರ ಕೊಟ್ಟುಹೋದ.
ಕಿರುಗುಡುವ ಚೈನಿಗೆ ಅಂಗಡಿಯ ಮತ್ತೇಯಾ
ಅಡುಗೆಮನೆಯ ಆಲಿವ್ ಎಣ್ಣೆಯನ್ನೇ ಬಿಟ್ಟಳು:
‘ಏನಾಗಲ್ಲ, ನಮ್ಮ ಮರದ್ದೇ.’

ಅಯಾಚುಗೆ ಇನ್ನೂ ಎಪ್ಪತ್ತು ಕಿಲೋಮೀಟರು.
ಸುತ್ತು ಬರುವವರು ಬಲಕ್ಕಿಟ್ಟುಕೊಂಡದ್ದನ್ನು ತಾನೆ ಸುತ್ತುವುದು?
ಹಾಗಿದ್ದರೆ ಬೆಟ್ಟಕ್ಕಲ್ಲ, ದ್ವೀಪಕ್ಕಲ್ಲ,
ನಾಲ್ಕು ದಿನದಿಂದ ನಾನು ಸುತ್ತುತ್ತಿರುವುದು ಕಡಲಿಗೆ.
ಅದಕ್ಕೆ ಮುಗಿತಾಯ ಎಲ್ಲಿ ಅಂತ ಅಕ್ಕನಿಗೆ ಹೇಳಿಲ್ಲ.
ಹಿಂದೆ ಯಾವುದೋ ವಾಹನದ ಸದ್ದು.
ಸರಿದು ದಾರಿ ಬಿಡುತ್ತೇನೆ.
ಆ ಹುಡುಗ ಈಗ ಐವತ್ತರ ಮೇಲಿರಬೇಕು.